ಕಪಾಟಿನ ಪ್ರಬಂಧಗಳನ್ನು ಊರಿಗೆ ಕೊಟ್ಟ ಬಗೆ

ಜೇವರ್ಗಿ ಕಡೆಯ ಒಂದು ಹಳ್ಳಿಯಿಂದ ಹುಡುಗನೊಬ್ಬ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದಿದ್ದ. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಒಂದು ಪಿಎಚ್.ಡಿ. ಪ್ರಬಂಧದ ಹೆಸರು. "ಇದ್ರಾಗ ನಮ್ಮ ಮುತ್ಯಾ ಹಾಡಿದ ಪದ ಅವ ಅಂತ್ರಿ ಮೇಡಂ, ಒಮ್ಮಿ ನೋಡಬೇಕಾಗಿತ್ರಿ" ಅಂದ.

ಅವರದು ತತ್ವಪದ ಹಾಡುವ ಮನೆತನ. ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಇವರ ಪದಗಳನ್ನು ಏಕತಾರಿ ಹಿಡಿದು ರಾತ್ರಿಯೆಲ್ಲ ಹಾಡುತ್ತಿದ್ದವರು. ಹಿಂದೆ ಸಂಶೋಧಕರೊಬ್ಬರು ಟೇಪ್ ರೆಕಾರ್ಡರ್ ಹೊತ್ತು ಆ ಊರಿಗೆ ಹೋಗಿ ಮುತ್ಯಾನ ಹಾಡುಗಳನ್ನು ಬರೆದುಕೊಂಡಿದ್ದರು. ಮುತ್ಯಾ ತೀರಿಹೋದರು, ಕ್ಯಾಸೆಟ್‌ಗಳು ಎಲ್ಲೋ ಕಳೆದುಹೋದವು. ಉಳಿದದ್ದು ನಮ್ಮ ಕಪಾಟಿನ ಪ್ರಬಂಧದ ಅನುಬಂಧದಲ್ಲಿ ಟೈಪಾಗಿದ್ದ ಸಾಲುಗಳಷ್ಟೇ. ನಮ್ಮ ನಿಯಮದಂತೆ ಪ್ರಬಂಧವನ್ನು ಹೊರಗೆ ಕೊಡುವಂತಿಲ್ಲ, ಜೆರಾಕ್ಸ್ ಮಾಡಿಸುವಂತಿಲ್ಲ. ಹುಡುಗ ಸಂಜೆವರೆಗೆ ಕೂತು ಎರಡು ಪದ ನೋಟ್‌ಬುಕ್ಕಿಗೆ ಇಳಿಸಿಕೊಂಡ. ಇನ್ನೂ ಮೂವತ್ತಕ್ಕೂ ಹೆಚ್ಚು ಪದಗಳಿದ್ದವು. ಕಡೇ ಬಸ್ ತಪ್ಪುತ್ತದೆಂದು ಎದ್ದು ಹೋದ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸಂಶೋಧಕರಿಗೆ ಬಂದ ಫೆಲೋಶಿಪ್ ಸರ್ಕಾರದ್ದು, ಮಾರ್ಗದರ್ಶಕರ ಸಂಬಳ ಸರ್ಕಾರದ್ದು, ಆ ಕಪಾಟೂ ನನ್ನ ಕುರ್ಚಿಯೂ ಸರ್ಕಾರದ್ದೇ. ದುಡ್ಡಿಲ್ಲದೆ ಕೊಟ್ಟವರು ಯಾರಾದರೂ ಇದ್ದರೆ ಆ ಮುತ್ಯಾ ಒಬ್ಬರೇ. ಅವರ ಮೊಮ್ಮಗನೇ ಬರಿಗೈಯಲ್ಲಿ ಹೋಗಬೇಕಾಯಿತು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿ ಬಂದ ಮೇಲೆ ಹೊಸ ಪ್ರಬಂಧಗಳ ಸಾಫ್ಟ್ ಕಾಪಿ ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಪ್ರಬಂಧಗಳ ಜಾಲತಾಣಕ್ಕೆ ಹೋಗಬೇಕು. ಅಲ್ಲಿಗೆ ಹೋದದ್ದನ್ನು ಮೊಬೈಲ್ ಇರುವ ಯಾರೇ ಆದರೂ ಓದಬಹುದು. ನಮ್ಮ ಕಷ್ಟವಿದ್ದದ್ದು ಅದಕ್ಕಿಂತ ಹಳೆಯವುಗಳದ್ದು. ಅವನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡೋಣ ಎಂದು ಮೇಲಿನವರಿಗೆ ಟಿಪ್ಪಣಿ ಇಟ್ಟೆ. ಕಡತ ಮೇಜಿಂದ ಮೇಜಿಗೆ ಹೋಗಿ ಬರಲು ಏಳು ತಿಂಗಳು ಹಿಡಿಯಿತು.

ಅಷ್ಟರಲ್ಲಿ ನಾನು ಹಕ್ಕಿನ ವಿಚಾರ ಓದಿಕೊಂಡೆ. ಪ್ರಬಂಧ ವಿಶ್ವವಿದ್ಯಾಲಯದ ಸ್ವತ್ತು ಎಂದೇ ನಮ್ಮಲ್ಲಿ ಬಹಳ ಮಂದಿ ನಂಬಿದ್ದರು, ನಾನೂ ನಂಬಿದ್ದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರೇ ಮೊದಲ ಹಕ್ಕುದಾರರು. ನೌಕರಿಯ ಕೆಲಸವಾಗಿ ಬರೆದದ್ದಾದರೆ ಮಾತು ಬೇರೆ. ವಿದ್ಯಾರ್ಥಿಯಾಗಿ ಬರೆದ ಪ್ರಬಂಧ ಬರೆದವರದ್ದೇ. ಅವರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ವಾರಸುದಾರರ ಕೈಯಲ್ಲಿ ಇರುತ್ತದೆ. ಹಾಗಾಗಿ ಬರೆದ ಒಬ್ಬೊಬ್ಬರನ್ನೂ ಕೇಳಿಯೇ ಹಾಕಬೇಕು ಎಂದು ತೀರ್ಮಾನಿಸಿದೆ. ಕನ್ನಡದಲ್ಲಿ ಒಂದೇ ಪುಟದ ಒಪ್ಪಿಗೆ ಪತ್ರ ಮಾಡಿಸಿದೆ. ಪೂರ್ತಿ ತೆರೆಯಿರಿ, ಅನುಬಂಧ ಬಿಟ್ಟು ತೆರೆಯಿರಿ, ಎರಡು ವರ್ಷ ಬಿಟ್ಟು ತೆರೆಯಿರಿ ಎಂಬ ಮೂರು ಆಯ್ಕೆ. ಕೃತಿಯನ್ನು ಇತರರು ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಬಗ್ಗೆ ಉದ್ದ ಬರೆಯದೆ "ನನ್ನ ಹೆಸರು ಹೇಳಿ ಯಾರು ಬೇಕಾದರೂ ಬಳಸಲಿ" ಎಂದು ಒಂದು ಸಾಲು ಹಾಕಿದೆ. ಅಷ್ಟಕ್ಕೆ ಎಲ್ಲರಿಗೂ ಅರ್ಥವಾಯಿತು.

ಒಪ್ಪಿಗೆ ಕೇಳಿಕೊಂಡು ತಿರುಗಿದ ದಿನಗಳನ್ನು ನಾನು ಮರೆಯುವುದಿಲ್ಲ. ಶಹಾಪುರ, ಹುಮನಾಬಾದ, ಬೀದರಿನ ಮನೆಗಳಿಗೆ ಭಾನುವಾರ ಬಸ್ಸಿನಲ್ಲಿ ಹೋಗಿ ಬಂದೆ. ಹೆಚ್ಚಿನವರು ಚಹಾ ಕೊಟ್ಟು, ಸಹಿ ಹಾಕಿ, "ನಮ್ಮದು ಯಾರರೆ ಓದ್ತಾರೇನ್ರಿ?" ಎಂದು ಕೇಳಿದರು. ತಡೆದವರೂ ಇದ್ದರು. "ತೆರೆದಿಟ್ರ ಕದ್ದು ಬರೀತಾರ್ರಿ" ಎಂಬ ಅಂಜಿಕೆ ದೊಡ್ಡದಿತ್ತು. ಅವರಿಗೆ ನಾನು ಹೇಳಿದ್ದು ಇದು: ಕಪಾಟಿನಲ್ಲಿ ಇರುವುದನ್ನು ಕದ್ದರೆ ಗೊತ್ತೇ ಆಗುವುದಿಲ್ಲ, ಹೋಲಿಸಿ ನೋಡಲು ಇನ್ನೊಬ್ಬರ ಹತ್ತಿರ ಪ್ರತಿ ಇರಬೇಕಲ್ಲ. ಎಲ್ಲರಿಗೂ ಕಾಣುವ ಕಡೆ ತಾರೀಖಿನ ಸಮೇತ ಇದ್ದರೆ ಅದೇ ನಿಮ್ಮ ಸಾಕ್ಷಿ. ಪುಸ್ತಕವಾಗಿ ಅಚ್ಚು ಹಾಕಿಸಬೇಕೆಂದು ಇದ್ದವರಿಗೆ ಎರಡು ವರ್ಷದ ಆಯ್ಕೆ ತೋರಿಸಿದೆ.

ನಿವೃತ್ತ ಪ್ರಾಧ್ಯಾಪಕರೊಬ್ಬರು ಮಾತ್ರ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ, "ತಂಗಿ, ಇಪ್ಪತ್ತೇಳರ ವಯಸ್ಸಿನ್ಯಾಗ ಬರದದ್ದು. ಈಗ ಓದಿದ್ರ ತಪ್ಪೇ ಕಾಣ್ತಾವ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಮೂರು ವಾರ ಬಿಟ್ಟು ಅವರೇ ಫೋನ್ ಮಾಡಿ, ಪ್ರಬಂಧದ ಮೊದಲಿಗೆ ಸೇರಿಸಲು ಒಂದು ಪುಟ ಬರೆದು ಕಳಿಸುವುದಾಗಿ ಹೇಳಿದರು. ಈಗ ತಾವು ಏನನ್ನು ಒಪ್ಪುವುದಿಲ್ಲ ಎಂಬುದನ್ನು ಆ ಪುಟದಲ್ಲಿ ಬಿಚ್ಚಿ ಬರೆದಿದ್ದಾರೆ. ನಮ್ಮ ಸಂಗ್ರಹದಲ್ಲಿ ನನಗೆ ಬಹಳ ಹಿಡಿಸಿದ ಪುಟ ಅದು.

ಸ್ಕ್ಯಾನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಇಡಿ, ರೆಕ್ಸಿನ್ ಬೈಂಡ್ ಬಿಚ್ಚಲು ಹೋಗಬೇಡಿ, ಕಾರ್ಬನ್ ಪ್ರತಿಯಾದರೆ ಬರೀ ಕಪ್ಪು-ಬಿಳುಪು ಬೇಡ, ಬೂದು ಛಾಯೆಗಳೂ ಬರುವಂತೆ ಗ್ರೇಸ್ಕೇಲ್ ಮಾಡಿ. ಏಪ್ರಿಲ್, ಮೇ ತಿಂಗಳ ಕಲಬುರಗಿಯಲ್ಲಿ ಈ ಕೆಲಸ ಬೆಳಿಗ್ಗೆ ಹನ್ನೊಂದರ ಒಳಗೆ ಮುಗಿಸಿಕೊಳ್ಳಿ.

ನಮ್ಮನ್ನು ಹೆಚ್ಚು ಗೋಳಾಡಿಸಿದ್ದು ಫಾಂಟು. ಸಿ.ಡಿ.ಯಲ್ಲಿ ಸಿಕ್ಕ ಪ್ರಬಂಧಗಳಲ್ಲಿ ಬಹಳಷ್ಟು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪಾದವು. ತೆರೆದರೆ ಚೆಂದದ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ. 'ಕನ್ನಡ' ಎಂಬ ಪದವನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಒಂದು 'ಪಿ', ತಲೆಯ ಮೇಲೆ ಗೀಟಿರುವ 'ಎ', ಪೌಂಡ್ ಹಣದ ಗುರುತು ಹೀಗೆ ಬರುತ್ತದೆ. ಇಂಥ ಕಡತವನ್ನು ಜಗತ್ತಿಗೆಲ್ಲ ತೆರೆದಿಟ್ಟರೂ ಹುಡುಕಿದವರಿಗೆ ಸಿಗುವುದಿಲ್ಲ. ಕಂಪ್ಯೂಟರ್ ಕನ್ನಡ ಅಕ್ಷರವನ್ನು ಕನ್ನಡವೆಂದೇ ಗುರುತಿಸುವ ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಅವುಗಳಲ್ಲಿ ಕೆಲವು ಅರ್ಕಾವತ್ತಿನಲ್ಲಿ ಎಡವುತ್ತವೆ. 'ಧರ್ಮ' ಹೋಗಿ 'ಧಮರ್' ಆಗುತ್ತದೆ, 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ' ಆಗುತ್ತದೆ. ನಾವು ಪೂರ್ತಿ ಪ್ರಬಂಧ ತಿದ್ದುವ ಆಸೆ ಬಿಟ್ಟೆವು. ಶೀರ್ಷಿಕೆ, ಸಾರಾಂಶ, ಪರಿವಿಡಿ ಈ ಮೂರನ್ನು ಮಾತ್ರ ಕೈಯಾರೆ ಯುನಿಕೋಡ್‌ನಲ್ಲಿ ಟೈಪ್ ಮಾಡಿದೆವು. ಸಮಯ ಕಡಿಮೆ ಇರುವವರು ಇಷ್ಟನ್ನಾದರೂ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಹುಡುಕುವ ಪದಗಳಲ್ಲೂ ಒಂದು ಪಾಠವಾಯಿತು. ನಮ್ಮ ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿಯಾಯಿತು. ಅದಕ್ಕೂ ಹಿಂದಿನ ಪ್ರಬಂಧಗಳಲ್ಲಿ ಗುಲಬರ್ಗಾ, ಗುಲ್ಬರ್ಗ, ಕಲಬುರ್ಗಿ ಎಲ್ಲವೂ ಇವೆ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ. ಅದಕ್ಕೆ ಮುಂಚಿನ ಪುಟಗಳಲ್ಲಿ ಶಹಾಪುರ, ಸುರಪುರದ ಹಳ್ಳಿಗಳು ಗುಲಬರ್ಗಾ ಜಿಲ್ಲೆಯಲ್ಲೇ ಇವೆ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಹಾಗಾಗಿ ಪ್ರತಿ ಪ್ರಬಂಧಕ್ಕೂ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಸೇರಿಸಿದೆವು.

ಎಲ್ಲವನ್ನೂ ತೆರೆದೆವು ಎಂದು ಹೇಳಲಾರೆ. ದೇವದಾಸಿ ಪದ್ಧತಿಯಿಂದ ನೊಂದ ಹೆಣ್ಣುಮಕ್ಕಳ ಮೇಲಿನ ಒಂದು ಪ್ರಬಂಧದ ಕೊನೆಗೆ ಸಂದರ್ಶನ ಕೊಟ್ಟವರ ಹೆಸರು, ಊರು, ವಯಸ್ಸು, ಕಾಯಿಲೆ ಎಲ್ಲ ಅಚ್ಚಾಗಿದ್ದವು. ವಿಭಾಗದ ನಾಲ್ಕು ಜನ ಓದುತ್ತಾರೆ ಎಂದು ನಂಬಿ ಮಾತಾಡಿದ್ದ ತಾಯಂದಿರು ಅವರು. ಅವರ ಮಕ್ಕಳು ಇವತ್ತು ಅದೇ ಊರುಗಳಲ್ಲಿದ್ದಾರೆ. ಬರೆದವರೊಂದಿಗೆ ಮಾತಾಡಿ ಹೆಸರು, ಊರು ಮುಚ್ಚಿದೆವು. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು, ಕೆಳಗಿನ ಅಕ್ಷರ ಹಾಗೇ ಉಳಿದಿರುತ್ತದೆ, ಕಾಪಿ ಮಾಡಿದರೆ ಸಿಗುತ್ತದೆ. ಕಾಗದದ ಪ್ರತಿಯ ಜೆರಾಕ್ಸ್ ಮೇಲೆ ಮುಚ್ಚಿ ಮತ್ತೆ ಸ್ಕ್ಯಾನ್ ಮಾಡಿದೆವು. ತತ್ವಪದದ ಗಾಯಕರ ಹೆಸರುಗಳನ್ನು ಮಾತ್ರ ಒಂದೂ ಬಿಡದೆ ಉಳಿಸಿದ್ದಲ್ಲದೆ ಹುಡುಕುವ ಪದಗಳಿಗೂ ಸೇರಿಸಿದೆವು. ಆ ಪದಗಳನ್ನು ಉಳಿಸಿಕೊಟ್ಟವರು ಅವರು.

ಜರ್ನಲ್‌ಗಳಲ್ಲಿ ಬಂದ ಲೇಖನಗಳ ದಾರಿ ಬೇರೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗಳು ತಮ್ಮ ಹಣದ ಸಂಶೋಧನೆಯನ್ನು ಮುಕ್ತವಾಗಿ ಇಡಬೇಕೆಂದು 2014ರಲ್ಲೇ ನೀತಿ ಮಾಡಿವೆ. ಪ್ರಕಾಶಕರು ವಿನ್ಯಾಸ ಮಾಡಿದ ಪುಟವನ್ನು ಹಾಕಲು ಬಾರದಿದ್ದರೂ, ಪರಿಶೀಲನೆ ಮುಗಿದು ಒಪ್ಪಿಗೆಯಾದ ನಿಮ್ಮ ಸ್ವಂತ ಹಸ್ತಪ್ರತಿಯನ್ನು ಹಾಕಲು ಬಹಳಷ್ಟು ಜರ್ನಲ್‌ಗಳು ಬಿಡುತ್ತವೆ. ನಮ್ಮ ಅಧ್ಯಾಪಕರಲ್ಲಿ ಹೆಚ್ಚಿನವರು ಆ ಹಸ್ತಪ್ರತಿಯನ್ನು ಅಳಿಸಿಬಿಟ್ಟಿದ್ದರು. ಈಗ ಯಾರ ಲೇಖನ ಒಪ್ಪಿಗೆಯಾದರೂ ಆ ವಾರವೇ ನಾನು ಹೋಗಿ ಕೇಳಿ ಪಡೆಯುತ್ತೇನೆ. ತೊಗರಿಯ ನೆಟೆ ರೋಗದ ಮೇಲಿನ ಒಂದು ಲೇಖನವನ್ನು ಹೀಗೇ ಹಾಕಿದೆವು, ಜೊತೆಗೆ ಎರಡು ಪುಟದ ಕನ್ನಡ ಸಾರಾಂಶ.

'ಒಂದು ರಾಷ್ಟ್ರ, ಒಂದು ಚಂದಾ' ಬಂದಿದೆಯಲ್ಲ, ಇನ್ನೇಕೆ ಇದು ಎಂದು ಕೇಳುವವರಿದ್ದಾರೆ. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುವ ಯೋಜನೆ ಅದು. ನಮ್ಮ ವಿದ್ಯಾರ್ಥಿಗಳಿಗೆ ಅನುಕೂಲವಾಗಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕಮಲಾಪುರದ ತೊಗರಿ ರೈತನಿಗೆ, ಊರ ಪತ್ರಕರ್ತನಿಗೆ ಆ ಬಾಗಿಲು ತೆರೆದಿಲ್ಲ. ಅಂಥವರಿಗೆ ಸಿಗಬೇಕಾದರೆ ಬರೆದವರು ತಾವೇ ತೆರೆದಿಡಬೇಕು.

ಜೇವರ್ಗಿ ಕಡೆಯ ಹುಡುಗ ಕೇಳಿಕೊಂಡು ಬಂದಿದ್ದ ಪ್ರಬಂಧ ಮಾತ್ರ ಬಹಳ ತಡವಾಯಿತು. ಬರೆದವರು ಮಂಡ್ಯದ ಕಡೆಯವರು, ನಿವೃತ್ತರಾಗಿ ಊರು ಸೇರಿದ್ದರು. ನಂಬರು ಸಿಕ್ಕ ದಿನವೇ ಒಪ್ಪಿದರು. ಕೊಂಡಿ ಕಳಿಸಿದ ವಾರಕ್ಕೆ ಹುಡುಗ ಫೋನ್ ಮಾಡಿದ. ಮನೆಯವರೆಲ್ಲ ಕೂತು ಮೊಬೈಲ್ ನೋಡಿ ಹಾಡಿದ್ದರಂತೆ. "ಮೇಡಂ, ಒಂದು ಪದದಾಗ 'ಹಂತ' ಅಂತ ಬರದಾರ್ರಿ. ಅದು 'ಹಂತಿ'. ನಮ್ಮ ಆಯಿ ಹೇಳಿದ್ಳು" ಅಂದ. ಹಂತಿ ಎಂದರೆ ಕಣದಲ್ಲಿ ಎತ್ತು ಕಟ್ಟಿ ತೆನೆ ತುಳಿಸುವುದು, ನಮ್ಮ ಕಡೆಯ ಮಾತು. ಪ್ರಬಂಧದಲ್ಲಿ ಆ 'ಹಂತ'ದ ಮೇಲೆ ಸಾಧನೆಯ ಮೆಟ್ಟಿಲುಗಳೆಂದು ಒಂದೂವರೆ ಪುಟ ವ್ಯಾಖ್ಯಾನವಿತ್ತು.

ಬರೆದವರಿಗೆ ಹೇಳಿದೆ. "ಹೌದಾ! ಹಾಗಾದ್ರೆ ಅದನ್ನ ತಿದ್ದಿ ಹಾಕ್ಬಿಡಿ ಮೇಡಂ, ಆ ಅಜ್ಜಿ ಹೆಸರೂ ಹಾಕಿ" ಅಂದರು. ಮೂಲ ಪುಟವನ್ನು ಮುಟ್ಟದೆ, ಅದರ ಹಿಂದೆಯೇ ಒಂದು ತಿದ್ದುಪಡಿ ಪುಟ ಸೇರಿಸಿದ್ದೇವೆ. ಆಯಿಯ ಹೆಸರು, ಊರು ಅವರ ಒಪ್ಪಿಗೆ ಪಡೆದು ಅಲ್ಲಿ ಹಾಕಿದ್ದೇವೆ.