ನಾಯಿ ಕಚ್ಚಿದರೆ ಉಂಟು, ಸರ್ಪ ಸುತ್ತಿದರೆ ಇಲ್ಲ

ಅಪ್ಪನಿಗೆ ಸರ್ಪಸುತ್ತು ಎದ್ದಾಗ ಊರಿನ ವಾಡಿಕೆಯಂತೆ ಮೊದಲು ಕೆಮ್ಮಣ್ಣು ಹಚ್ಚಿದೆವು, ಆಮೇಲೆ ತೀರ್ಥಹಳ್ಳಿಗೆ ಓಡಿದೆವು. ಗುಳ್ಳೆಗಳು ಮೂರು ವಾರದಲ್ಲಿ ಒಣಗಿದವು. ಉರಿ ಮಾತ್ರ ಎಂಟು ತಿಂಗಳು ಬಿಡಲಿಲ್ಲ. ಬನಿಯನ್ ತಾಗಿದರೂ ಬೆಚ್ಚುತ್ತಿದ್ದರು. ಹಾಗಾಗಿ ಶಿವಮೊಗ್ಗದ ವೈದ್ಯರು ಅರವತ್ತಾರರ ಅಮ್ಮನಿಗೆ ಸರ್ಪಸುತ್ತಿನ ಲಸಿಕೆ ಹಾಕಿಸಿ ಎಂದಾಗ ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಶಿಂಗ್ರಿಕ್ಸ್ ಎಂಬ ಈ ಲಸಿಕೆ ನಮ್ಮಲ್ಲಿ 2023ರಿಂದ ಸಿಗುತ್ತಿದೆ. 50 ದಾಟಿದವರಿಗೆ ಎರಡು ಡೋಸ್, ನಡುವೆ 2ರಿಂದ 6 ತಿಂಗಳು.

ಒಂದು ಡೋಸ್‌ಗೇ ಹತ್ತು ಸಾವಿರದ ಮೇಲಾಯಿತು. ಮಂಗನ ಕಾಯಿಲೆಯ ಚುಚ್ಚುಮದ್ದನ್ನು ಆರೋಗ್ಯ ಇಲಾಖೆಯವರೇ ಊರಿಗೆ ಬಂದು ಪುಕ್ಕಟೆ ಹಾಕುತ್ತಿದ್ದ ಕಾಲ ಕಂಡವರು ನಾವು. ಲಸಿಕೆಗೆ ದುಡ್ಡು ಎಂದರೆ ಮನಸ್ಸು ಒಪ್ಪುವುದಿಲ್ಲ. ಹೇಗೂ ವರ್ಷವರ್ಷ ವಿಮೆಯ ಕಂತು ಕಟ್ಟುತ್ತೇನಲ್ಲ ಎಂದುಕೊಂಡು ಸಹಾಯವಾಣಿಗೆ ಕರೆ ಮಾಡಿದೆ. "ಬಿಲ್ ಹಾಕಿ ನೋಡಿ ಸಾರ್" ಎಂದರು. ಹಾಕಿದೆ. ನಾಲ್ಕನೇ ದಿನ ತಿರಸ್ಕೃತವಾಗಿ ಬಂತು.

ಆಗಲೇ ನಾನು ಪಾಲಿಸಿಯನ್ನು ಬಿಡಿಸಿ ಓದಿದ್ದು. ಯಾವುದಕ್ಕೆಲ್ಲ ಹಣ ಕೊಡುವುದಿಲ್ಲ ಎಂಬ ಪಟ್ಟಿಯಲ್ಲಿ ಲಸಿಕೆಯೂ ಇತ್ತು, ಪ್ರಾಣಿ ಕಡಿತದ ನಂತರದ್ದನ್ನು ಬಿಟ್ಟು. ನಾಯಿ ಕಚ್ಚಿದರೆ ಉಂಟು, ಸರ್ಪ ಸುತ್ತಿದರೆ ಇಲ್ಲ! ಕೋಪ ಬಂದರೂ ತಪ್ಪು ನನ್ನದೇ. ಈ ಪಾಲಿಸಿ ಇರುವುದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ಐದು ನಿಮಿಷದ ಚುಚ್ಚುಮದ್ದು ಹೊರರೋಗಿ ಖರ್ಚು. ಪಕ್ಕದ ಮನೆಯ ಅಜ್ಜಿಗೆ 70 ದಾಟಿದವರ ಆಯುಷ್ಮಾನ್ ಕಾರ್ಡ್ ಇದೆ, 5 ಲಕ್ಷದ್ದು. ಅದೂ ಒಳರೋಗಿಗಳಿಗೇ.

ನವೀಕರಣದ ಹೊತ್ತಿಗೆ ಫೋನಿನ ಗೊಡವೆಗೆ ಹೋಗದೆ ಇಮೇಲ್ ಬರೆದೆ: ಒಪಿಡಿ, ಅಂದರೆ ಹೊರರೋಗಿ ಸೌಲಭ್ಯ ಸೇರಿಸಿದರೆ ಲಸಿಕೆ ಬರುತ್ತದೆಯೇ, ಯಾವ ಯಾವುದು, ವರ್ಷಕ್ಕೆ ಎಷ್ಟು? ಉತ್ತರ ಬಂತು: ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳಿಗೆ 5,000ದ ಮಿತಿಯೊಳಗೆ ಕೊಡುತ್ತಾರೆ, ಅದಕ್ಕೆ ಹೆಚ್ಚುವರಿ ಕಂತು 4,200. ನ್ಯುಮೋನಿಯಾದ್ದು ಫ್ಲೂನಂತೆ ವರ್ಷವರ್ಷ ಬೇಕಾಗುವುದಲ್ಲ. ಎಂಟುನೂರು ರೂಪಾಯಿಯ ಲಾಭಕ್ಕೆ ಬಿಲ್ಲು, ಚೀಟಿ, ಅರ್ಜಿ ಎಂದು ಅಲೆಯುವುದು ಯಾರು? ಬಿಟ್ಟೆ.

ಎರಡನೇ ಡೋಸ್ ಅಡಿಕೆ ಮಾರಿದ ದುಡ್ಡಿನಲ್ಲೇ ಆಯಿತು. ಮರುದಿನ ಮೊಸರು ಕಡೆಯಲು ಅಮ್ಮನಿಗೆ ತೋಳು ಎತ್ತಲಾಗಲಿಲ್ಲ; ಅಪ್ಪನೇ ಕಡಗೋಲು ಹಿಡಿದು ಕುಳಿತರು.