ಲಿಟ್ಲ್ ಜಾನ್‌ನ ಸಮಾಧಿಗೆ ಎರಡು ಸಲ

ಇಂಗ್ಲೆಂಡಿನ ಜನಪದ ಕಥೆಗಳ ಬಿಲ್ಲುಗಾರ ರಾಬಿನ್ ಹುಡ್‌ನ ಬಳಗದವನು ಲಿಟ್ಲ್ ಜಾನ್. ಅವನದೆನ್ನುವ ಸಮಾಧಿಗೆ ಮೊದಲ ಸಲ ಹೋದದ್ದು ಡಿಸೆಂಬರಿನಲ್ಲಿ, ಊಟ ಮುಗಿಸಿಕೊಂಡು ಹೊರಟಿದ್ದೆ. ನಾಲ್ಕು ಗಂಟೆಗೇ ಕತ್ತಲು ಕವಿದು, ಯೂ ಎಂಬ ನಿತ್ಯಹಸಿರು ಮರದ ಕೆಳಗಿದ್ದ ಕಲ್ಲಿನ ಅಕ್ಷರ ಒಂದೂ ಕಾಣಲಿಲ್ಲ. ಹಾಗಾಗಿ ಜೂನ್ ತಿಂಗಳಲ್ಲಿ ಬೆಳಿಗ್ಗೆಯೇ ಮತ್ತೆ ಹೋದೆ.

ಊರು ಇಂಗ್ಲೆಂಡಿನ ಡರ್ಬಿಶೈರ್‌ನ ಹ್ಯಾದರ್‌ಸೇಜ್. ಶೆಫೀಲ್ಡ್‌ನಿಂದ ಮ್ಯಾಂಚೆಸ್ಟರ್ ಕಡೆಗೆ ಸಣ್ಣ ಊರುಗಳಲ್ಲೂ ನಿಲ್ಲುವ ರೈಲು ಹತ್ತಬೇಕು. ಮೂರೂವರೆ ಮೈಲಿ ಉದ್ದದ ಟೊಟ್ಲಿ ಸುರಂಗ ದಾಟಿದರೆ ಗ್ರಿಂಡಲ್‌ಫರ್ಡ್, ಅದರ ಮುಂದಿನದೇ ಹ್ಯಾದರ್‌ಸೇಜ್. ಸಂತ ಮೈಕೇಲರ ಚರ್ಚು ದಿಬ್ಬದ ಮೇಲಿದೆ. ದಾರಿ ಏರು, ನಿಧಾನ ಹತ್ತಿ.

ಸಮಾಧಿಯ ಸುತ್ತ ಕಬ್ಬಿಣದ ಕಟಕಟೆ ಇದೆ. ತಲೆಗಲ್ಲಿಗೂ ಕಾಲುಗಲ್ಲಿಗೂ ನಡುವೆ 13 ಅಡಿ 4 ಅಂಗುಲ. ಓದಿ ಗೊತ್ತಿದ್ದರೂ ಮನಸ್ಸು ತಡೆಯದೆ ಕಟಕಟೆಯ ಪಕ್ಕ ಪಾದಕ್ಕೆ ಪಾದ ತಾಗಿಸಿ ಅಳೆದೆ. 14 ಪಾದ ಮುಗಿದು 15ನೆಯದು ಅರ್ಧಕ್ಕೆ ಬಂತು. ಆಳು ಎತ್ತರವಾಗಿದ್ದಕ್ಕೇ ಅವನನ್ನು ತಮಾಷೆಗೆ ‘ಲಿಟ್ಲ್’, ಅಂದರೆ ಪುಟ್ಟ, ಎಂದು ಕರೆದರು ಅನ್ನುವ ಮಾತು ಅಲ್ಲಿ ನಡೆದಾಡಿದಾಗ ಕಾಲಿಗೇ ತಿಳಿಯುತ್ತದೆ. 1784ರಲ್ಲಿ ಕ್ಯಾಪ್ಟನ್ ಜೇಮ್ಸ್ ಶಟಲ್‌ವರ್ತ್ ಇದನ್ನು ಅಗೆಸಿದಾಗ ಸುಮಾರು 30 ಅಂಗುಲದ ತೊಡೆಮೂಳೆ ಸಿಕ್ಕಿತಂತೆ. ಸಾಮಾನ್ಯ ಗಂಡಸಿನದು 18–19 ಅಂಗುಲ ಇದ್ದರೆ ಹೆಚ್ಚು. ಅವನದೆನ್ನುವ ಟೋಪಿ, ಬಿಲ್ಲು ಬಹುಕಾಲ ಈ ಚರ್ಚಿನೊಳಗೇ ತೂಗುತ್ತಿದ್ದವು, ಆಮೇಲೆ ಬಾರ್ನ್ಸ್‌ಲಿ ಬಳಿಯ ಕ್ಯಾನನ್ ಹಾಲ್ ಎಂಬ ಬಂಗಲೆಗೆ ಹೋದವು. ಇಂಗ್ಲಿಷರು ಉದ್ದಬಿಲ್ಲು ಮಾಡುತ್ತಿದ್ದುದು ಹೆಚ್ಚಾಗಿ ಯೂ ಮರದಿಂದಲೇ. ಬಿಲ್ಲುಗಾರನೊಬ್ಬನ ಮೇಲೆ ನೆರಳಾಗಿ ನಿಂತಿರುವುದೂ ಅದೇ ಮರ.

ಆದರೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಅಳತೆಯಲ್ಲ, ಕಲ್ಲಿನ ಬರಹ. ಇಲ್ಲಿ ಮಲಗಿರುವವನು ರಾಬಿನ್ ಹುಡ್‌ನ ಗೆಳೆಯ ಮತ್ತು ಬಲಗೈ ಬಂಟ ಎಂದಿದೆ. ‘ಗೆಳೆಯ’ ಮೊದಲು, ‘ಬಂಟ’ ಆಮೇಲೆ. ಸಾಯುವ ಹೊತ್ತಿಗೆ ರಾಬಿನ್ ಕಡೆಯ ಬಾಣ ಬಿಟ್ಟು, ಅದು ಬಿದ್ದಲ್ಲೇ ನನ್ನನ್ನು ಹೂಳು ಎಂದನಂತೆ. ಯಾರ್ಕ್‌ಶೈರ್‌ನ ಕರ್ಕ್‌ಲೀಸ್‌ನಲ್ಲಿ ಅವನನ್ನು ಮಣ್ಣು ಮಾಡಿದವನು ಈ ಜಾನ್. ಆಮೇಲೆ ಇಲ್ಲಿಗೆ ಬಂದು, ಚರ್ಚಿನ ಪೂರ್ವಕ್ಕಿದ್ದ ಒಂದು ಗುಡಿಸಲಲ್ಲಿ ತೀರಿಕೊಂಡ. ಆ ಗುಡಿಸಲು ಈಗಿಲ್ಲ ಎಂದೂ ಅದೇ ಕಲ್ಲು ಹೇಳುತ್ತದೆ. ಇತಿಹಾಸಕಾರರು ಇದನ್ನೆಲ್ಲ ಒಪ್ಪಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಗೆಳೆಯನಿಗೆ ಗುಂಡಿ ತೋಡಿದವನಿಗೆ ಒಂದು ಊರೇ ಜಾಗ ಕೊಟ್ಟು, ಇಷ್ಟು ಕಾಲ ಅದನ್ನು ಕಾಪಾಡಿಕೊಂಡು ಬಂದಿದೆ. ನನಗೆ ಅಷ್ಟು ಸಾಕು. ಏನ್ಷಿಯೆಂಟ್ ಆರ್ಡರ್ ಆಫ್ ಫಾರೆಸ್ಟರ್ಸ್ ಎಂಬ ಸಂಘದವರೂ ಇದರ ಜೋಪಾನಕ್ಕೆ ಕೈಜೋಡಿಸಿದ್ದಾರೆ.

ಹೋಗುವವರು ಬಿಸಿಲಿರುವಾಗ ಹೋಗಿ, ಕಟಕಟೆಯ ಹೊರಗೇ ನಿಲ್ಲಿ. ಸುತ್ತ ಇತ್ತೀಚಿನ ಸಮಾಧಿಗಳೂ ಇವೆ, ಅಲ್ಲಿಗೆ ಹೂವು ತರುವವರು ಬರುತ್ತಾರೆ. ಯೂ ಮರದ ಎಲೆ, ಬೀಜ ಎರಡೂ ವಿಷ. ಮಕ್ಕಳು ಜೊತೆಗಿದ್ದರೆ ನಿಗಾ ಇರಲಿ. ಅರ್ಧ ದಿನ ಬಿಡುವಿದ್ದರೆ ಊರ ಮೇಲಿನ ಸ್ಟೇನೇಜ್ ಬಂಡೆಸಾಲಿಗೂ ಹತ್ತಿ. ಅಲ್ಲೊಂದು ಗವಿಗೆ ರಾಬಿನ್ ಹುಡ್‌ನ ಹೆಸರಿದೆ.