ನೆಗೆಟಿವ್ ಅಂತ ಬರೆಯುವ ಮೊದಲು ನಾನು ಕೇಳುವ ಪ್ರಶ್ನೆ

ಹೊಟ್ಟೆ ಹುಣ್ಣಿನ ಅನುಮಾನದಲ್ಲಿ ಎಂಡೋಸ್ಕೋಪಿಗೆ ಬಂದವರನ್ನು ನಾನು ಮೊದಲು ಕೇಳುವುದು ನೋವಿನ ಬಗ್ಗೆ ಅಲ್ಲ. "ಕಳೆದ 2 ವಾರದಲ್ಲಿ ಗ್ಯಾಸ್ ಮಾತ್ರೆ ಏನಾದರೂ ತಗೊಂಡಿದ್ದೀರಾ?" ಅಂತ ಕೇಳುತ್ತೇನೆ. ಈ ಅಭ್ಯಾಸ ಒಬ್ಬ ರೋಗಿಯಿಂದ ಬಂದದ್ದು.

ಅವರಿಗೆ ಸಣ್ಣ ಕರುಳಿನ ಶುರುವಿನಲ್ಲೇ, ಅಂದರೆ ಡ್ಯುವೋಡಿನಮ್‌ನಲ್ಲಿ, ಹುಣ್ಣಿತ್ತು. ತಳ ಬೆಳ್ಳಗೆ, ಅಂಚು ಕೆಂಪಗೆ. ನೋಡಿದ ಕೂಡಲೇ ಎಚ್. ಪೈಲೋರಿ, ಅಂದರೆ ಜಠರದಲ್ಲಿ ನೆಲೆಸಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ, ಇರಬೇಕು ಅನ್ನಿಸಿತು. ಜಠರದ ಕೆಳಭಾಗದಿಂದ ಒಂದು ಚೂರು ತೆಗೆದು ಯೂರಿಯೇಸ್ ಕಿಟ್‌ಗೆ ಹಾಕಿದೆ. ಈ ಕಿಟ್‌ನ ಹಳದಿ ಜೆಲ್‌ನಲ್ಲಿ ಯೂರಿಯಾ ಇರುತ್ತದೆ. ಬ್ಯಾಕ್ಟೀರಿಯಾ ಇದ್ದರೆ ಅದರ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆಯುತ್ತದೆ, ಅಮೋನಿಯಾ ಹುಟ್ಟುತ್ತದೆ, ಹಳದಿ ಹೋಗಿ ಗಾಢ ಗುಲಾಬಿ ಬಣ್ಣ ಬರುತ್ತದೆ. 24 ಗಂಟೆ ಬಿಟ್ಟು ನೋಡಿದೆ, ಹಳದಿಯೇ ಇತ್ತು. ನೆಗೆಟಿವ್ ಅಂತ ಬರೆದೆ, ಆಸಿಡ್ ಕಡಿಮೆ ಮಾಡುವ ಮಾತ್ರೆ ಕೊಟ್ಟು ಕಳಿಸಿದೆ.

ಕೆಲವು ತಿಂಗಳಾದ ಮೇಲೆ ಅವರು ಕಪ್ಪು ಮಲ ಅಂತ ಮತ್ತೆ ಬಂದರು. ಅದೇ ಜಾಗ, ಅದೇ ಹುಣ್ಣು, ಈಗ ರಕ್ತ ಬೇರೆ.

ಆಗ ಕೂತು ಎಲ್ಲ ಕೇಳಿದೆ. ಮೊದಲ ಎಂಡೋಸ್ಕೋಪಿಗೆ ಮುಂಚೆ ಒಂದು ತಿಂಗಳಿಂದ ದಿನಾ ಒಮೆಪ್ರಜೋಲ್, ಅಂದರೆ ಆಸಿಡ್ ಕಡಿಮೆ ಮಾಡುವ ಮಾತ್ರೆ, ನುಂಗುತ್ತಿದ್ದರಂತೆ. "ಔಷಧಿ ತಗೊಳ್ತೀರಾ ಅಂತ ಅವತ್ತು ಕೇಳಿದ್ದೆನಲ್ಲ?" ಅಂದೆ. "ಅದು ಸುಮ್ನೆ ಗ್ಯಾಸಿಗೆ ಅಲ್ವಾ ಡಾಕ್ಟ್ರೇ, ಔಷಧಿ ಅಲ್ಲವಲ್ಲ" ಅಂದರು. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ರೀತಿಯೇ ತಪ್ಪಾಗಿತ್ತು.

ಈ ಮಾತ್ರೆಗಳು ಪೈಲೋರಿಯನ್ನು ಪೂರ್ತಿ ಕೊಲ್ಲುವುದಿಲ್ಲ. ಸಂಖ್ಯೆ ಇಳಿಯುತ್ತದೆ, ಜಠರದ ಕೆಳಭಾಗದಲ್ಲಿ ವಿರಳವಾಗುತ್ತದೆ, ಮೇಲ್ಭಾಗದಲ್ಲಿ ಉಳಿದುಕೊಳ್ಳುತ್ತದೆ. ನಾನು ಚೂರು ತೆಗೆದದ್ದು ಕೆಳಗಿನಿಂದ ಮಾತ್ರ. ಉಸಿರಿನ ಪರೀಕ್ಷೆ, ಮಲದ ಆಂಟಿಜೆನ್ ಪರೀಕ್ಷೆಗಳಿಗೂ ಇದೇ ತೊಂದರೆ ಇದೆ, ಹಾಗಾಗಿ ಈ ಮಾತ್ರೆ ನಿಲ್ಲಿಸಿ 2 ವಾರ, ಆಂಟಿಬಯೋಟಿಕ್ ಅಥವಾ ಬಿಸ್ಮತ್ ಇರುವ ಹೊಟ್ಟೆಯ ಔಷಧಿ ತಗೊಂಡಿದ್ದರೆ 4 ವಾರ ಕಾಯಬೇಕು. ರಕ್ತ ಸೋರುತ್ತಿರುವ ಹುಣ್ಣಿನಲ್ಲೂ ಕಿಟ್ ಮೋಸ ಮಾಡುತ್ತದೆ. ಅದಕ್ಕೇ ಎರಡನೇ ಸಲ ಕಿಟ್ ಒಂದನ್ನೇ ನಂಬದೆ ಮೇಲ್ಭಾಗದಿಂದ 2, ಕೆಳಭಾಗದಿಂದ 2, ನಡುವಿನ ತಿರುವಿನಿಂದ 1, ಹೀಗೆ 5 ಚೂರು ತೆಗೆದು ಪೆಥಾಲಜಿಗೆ ಕಳಿಸಿದೆ. ಜೀಮ್ಸಾ ಬಣ್ಣ ಹಾಕಿದ ಸ್ಲೈಡನ್ನು ನಾನೇ ಹೋಗಿ ನೋಡಿದೆ. ಮೇಲ್ಭಾಗದ ಚೂರಿನಲ್ಲಿ, ಲೋಳೆಯ ಪದರದಲ್ಲಿ, ಅಲ್ಪವಿರಾಮದ ಹಾಗೆ ಬಾಗಿದ ಸಣ್ಣ ಸಣ್ಣ ಬ್ಯಾಕ್ಟೀರಿಯಾ ಸಾಲಾಗಿ ಕಂಡವು.

ಆತುರ ಪಟ್ಟವರಿಗೆ ಈ ಬ್ಯಾಕ್ಟೀರಿಯಾ ಮೊದಲಿನಿಂದಲೂ ಸಿಕ್ಕಿಲ್ಲ. 1982ರಲ್ಲಿ ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಇದನ್ನು ಲ್ಯಾಬಿನಲ್ಲಿ ಬೆಳೆಸಿದ್ದು ಹೇಗೆ ಗೊತ್ತಾ, ಈಸ್ಟರ್ ರಜೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳು ಮಾಮೂಲಿಗಿಂತ ಜಾಸ್ತಿ ದಿನ ಹಾಗೇ ಉಳಿದಿದ್ದರಿಂದ. ಅದಕ್ಕೆ ಮುಂಚೆ 2 ದಿನಕ್ಕೇ ಎಸೆದುಬಿಡುತ್ತಿದ್ದರು.

ರಕ್ತದ ಆಂಟಿಬಾಡಿ ರಿಪೋರ್ಟ್ ಹಿಡಿದು ಬರುವವರು ತುಂಬಾ ಜನ. ಬ್ಯಾಕ್ಟೀರಿಯಾ ಹೋದ ಮೇಲೂ ಆಂಟಿಬಾಡಿ ಎಷ್ಟೋ ತಿಂಗಳು ಉಳಿಯುತ್ತದೆ, ಹಾಗಾಗಿ ವಾಸಿಯಾಯಿತಾ ಇಲ್ಲವಾ ಅಂತ ನೋಡಲು ಅದನ್ನು ನಾನು ಬರೆಯುವುದಿಲ್ಲ. ನೋವಿನ ಮಾತ್ರೆ ನುಂಗಿ ಹುಣ್ಣಾದವರಿಗೂ ಪೈಲೋರಿ ಪರೀಕ್ಷೆ ಮಾಡಿಸುತ್ತೇನೆ, ಎರಡೂ ಒಟ್ಟಿಗೆ ಇರಬಹುದು. ಹುಣ್ಣು ಜಠರದಲ್ಲೇ ಇದ್ದರೆ ಅಂಚಿನಿಂದ ಬೇರೆ ಚೂರು ತೆಗೆಯಲೇಬೇಕು, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗಬೇಕಲ್ಲ.

ಅವರಿಗೆ 14 ದಿನದ ಆಂಟಿಬಯೋಟಿಕ್ ಕೋರ್ಸ್ ಕೊಟ್ಟೆ. ಆರು ವಾರ ಬಿಟ್ಟು ಉಸಿರಿನ ಪರೀಕ್ಷೆಗೆ ಕರೆದೆ. ಚೀಲಕ್ಕೆ ಊದಿಸುವ ಮೊದಲು ಅದೇ ಪ್ರಶ್ನೆ ಕೇಳಿದೆ. ಅವರ ಹೆಂಡತಿ ಫೋನಿನಲ್ಲಿ ಕ್ಯಾಲೆಂಡರಿನ ಫೋಟೋ ತೋರಿಸಿದರು, ಗ್ಯಾಸ್ ಮಾತ್ರೆ ನಿಲ್ಲಿಸಿದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಎಣಿಸಿದೆ, 16 ದಿನ ಆಗಿತ್ತು. ರಿಪೋರ್ಟ್ ನೆಗೆಟಿವ್ ಬಂತು, ಆ ಸಲ ಧೈರ್ಯವಾಗಿ ಬರೆದೆ.